ನಾಲ್ಕನೇ ಪಾಠದ ಶ್ರದ್ಧಾಂಜಲಿ

ವಾಲ್ಮೊರ್ ಪಶೆಕುನನ್ನು ನಮ್ಮ ರಿಯೊ ಮೋರ್ನೊ ಊರಿನ ಪ್ರತಿಯೊಂದು ನಾಯಿಯೂ ಒಮ್ಮೆಯಾದರೂ ಕಚ್ಚಿದೆ. ಇದರಲ್ಲಿ ನಾಯಿಗಳ ತಪ್ಪೇನೂ ಇಲ್ಲ, ವಾಲ್ಮೊರನದೂ ಇಲ್ಲ. ಅವನು ಪುರಸಭೆಯ ನೀರಿನ ಮೀಟರ್ ನೋಡುವವನು. ಮೀಟರುಗಳು ಹಿತ್ತಲಲ್ಲಿರುತ್ತವೆ, ನಾಯಿಗಳೂ ಹಿತ್ತಲಲ್ಲೇ ಇರುತ್ತವೆ. ಐವತ್ತು ದಾಟಿದ ಮೇಲೆ ತನ್ನ ಮೀನಖಂಡಗಳಿಗೆ ಸ್ವಲ್ಪ ವಿಶ್ರಾಂತಿ ಕೊಡಬೇಕೆಂದು ಅವನಿಗೆ ಅನ್ನಿಸಿತು. ಅದೇ ಸಮಯಕ್ಕೆ ಪುರಸಭೆಯವರು, ಪದವಿ ಪಡೆದವರಿಗೆ ಕಚೇರಿಯ ಒಳಗೆ ಕುರ್ಚಿ ಕೊಡುತ್ತೇವೆ, ಯಾವ ಪದವಿಯಾದರೂ ಅಡ್ಡಿಯಿಲ್ಲ ಎಂದು ಸಾರಿದರು.

ವಾಲ್ಮೊರ್ ದೂರಶಿಕ್ಷಣದಲ್ಲಿ ಲೆಕ್ಕಶಾಸ್ತ್ರ ಓದಲು ಹೊರಟ. ಹೊರಡುವುದಕ್ಕೆ ಎಷ್ಟು ತಡ ಮಾಡಿದನೆಂದರೆ, ಅವನು ಹೆಸರು ಹಚ್ಚಲು ಹೋದಾಗ ಲೆಕ್ಕಶಾಸ್ತ್ರ ತುಂಬಿತ್ತು, ಆಡಳಿತಶಾಸ್ತ್ರ ತುಂಬಿತ್ತು, ಕೊನೆಗೆ ಮೀನು ಸಾಕಣೆಯೂ ತುಂಬಿತ್ತು. ಉಳಿದದ್ದು ಒಂದೇ: ಇಂಗ್ಲಿಷ್ ಮತ್ತು ಜರ್ಮನ್ ಭಾಷಾ ಪದವಿ. ಅದನ್ನೇ ತೆಗೆದುಕೊಂಡು ಮನೆಗೆ ಬಂದ. ಹೆಂಡತಿ ಮಾರ್ಲೀಸ್ ಕೇಳಿದಾಗ ಮಾತ್ರ, “ಚಿಕ್ಕಂದಿನಿಂದ ಆಸೆಯಿತ್ತು ಕಣೆ. ಒಳಗಿಂದ ಏನೋ ಕರೀತು,” ಎಂದುಬಿಟ್ಟ.

“ಏನು ಕರೀತು? ನಿಮ್ಮಪ್ಪ ಕಡಲ ತೀರದಲ್ಲಿ ಮೀನು ಹಿಡೀತಿದ್ದವರು. ಜರ್ಮನ್ ನಮ್ಮ ಕಡೆ ರಕ್ತ, ನಿಮ್ಮ ಕಡೆದಲ್ಲ,” ಎಂದಳು ಮಾರ್ಲೀಸ್. ಆದರೆ ಮರುದಿನ ಬೆಳಿಗ್ಗೆಯೇ ಬೇಕರಿಯಲ್ಲಿ, “ನಮ್ಮವರು ಯೂನಿವರ್ಸಿಟೀಲಿ ಜರ್ಮನ್ ಓದ್ತಿದಾರೆ,” ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದಳು.

ಇಲ್ಲಿ ನಮ್ಮ ಊರಿನ ವಿಚಾರ ಸ್ವಲ್ಪ ಹೇಳಬೇಕು. ಇಡೀ ಬ್ರೆಜಿಲ್‌ನಲ್ಲಿ ನಮ್ಮಷ್ಟು ಜರ್ಮನ್ ಊರು ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ. ಹಡಗು ಹತ್ತಿ ಬಂದ ಮುತ್ತಜ್ಜಂದಿರ ಹೆಸರುಗಳು ಜರ್ಮನ್, ಮನೆಯ ಮಾಡು ಜರ್ಮನ್, ಸಾಸೇಜು ಜರ್ಮನ್, ಹಬ್ಬದಲ್ಲಿ ಗಂಡಸರು ಹೊಟ್ಟೆ ಒಳಗೆಳೆದುಕೊಂಡು ತೊಡುವ ಚರ್ಮದ ಚಡ್ಡಿಯೂ ಜರ್ಮನ್. ಭಾಷೆಯೊಂದು ಮಾತ್ರ ಪೋರ್ಚುಗೀಸ್. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಆಡಿದವರನ್ನು ಸರ್ಕಾರ ಹಿಡಿದು ಒಳಗೆ ಹಾಕುತ್ತಿತ್ತಂತೆ. ಹಿರಿಯರು ಬಾಯಿ ಮುಚ್ಚಿಕೊಂಡರು, ಮಕ್ಕಳಿಗೆ ಕಲಿಸಲಿಲ್ಲ. ಈಗ ಉಳಿದಿರುವುದು ಎರಡು ಬೈಗುಳ, ಕೆಲವು ತಿಂಡಿಗಳ ಹೆಸರು, ಒಂದು ಕುಡುಕರ ಹಾಡು. ಹಾಗೆಂದು ‘ನಮಗೆ ಬರುವುದಿಲ್ಲ’ ಎಂದು ಯಾರಾದರೂ ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. “ಅರ್ಥ ಎಲ್ಲಾ ಆಗುತ್ತೆ, ಮಾತಾಡಕ್ಕೆ ಮಾತ್ರ ಬರಲ್ಲ,” ಎನ್ನುವುದು ವಾಡಿಕೆ.

ನಾನು ಜುಲೈಡಿ, ವಾಲ್ಮೊರನ ಪಕ್ಕದ ಮನೆಯವಳು. ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಅವನ ಮನೆಗೂ ನನ್ನ ಪಾರ್ಲರಿಗೂ ನಡುವೆ ಇರುವುದು ಒಂದೇ ತೆಳು ಗೋಡೆ. ಆದ್ದರಿಂದ ಆ ಪದವಿಯನ್ನು ನಾನೂ, ನನ್ನ ಗಿರಾಕಿಗಳೂ, ಕೂದಲು ಒದ್ದೆಯಿರಲಿ ಇಲ್ಲದಿರಲಿ ದಿನವೂ ಡ್ರೈಯರ್ ಕೆಳಗೆ ಬಂದು ಕೂರುವ ನಮ್ಮಮ್ಮನೂ ಅವನ ಜೊತೆಗೇ ಓದಿದೆವು ಎಂದರೆ ಸುಳ್ಳಲ್ಲ. ಸಂಜೆಯಾಗುತ್ತಿದ್ದಂತೆ, ರಜೆಯಿದ್ದರೆ ಬೆಳಿಗ್ಗೆಯಿಂದಲೇ, ಗೋಡೆಯಾಚೆ ಅವನ ಗಟ್ಟಿ ಪಾಠ ಶುರುವಾಗುತ್ತಿತ್ತು. ಒಂದು ವಾರ ಇಂಗ್ಲಿಷ್, ಒಂದು ವಾರ ಜರ್ಮನ್, ಮೂರನೆಯ ವಾರ ಎರಡೂ ಕಲಸಿದ್ದು.

ಒಂದು ದಿನ ಗೋಡೆ ಗುದ್ದಿ ನನ್ನನ್ನು ಕರೆದ.

“ಜುಲೈಡಿ, ಇವರಿಬ್ಬರೂ ಸೇರಿ ಬೇಕಂತಲೇ ನನ್ನ ಕೊಲ್ಲೋಕೆ ಹೊರಟಿದಾರೆ ನೋಡು. ಇಂಗ್ಲಿಷಲ್ಲಿ ‘ವೇರ್’ ಅಂದ್ರೆ ಎಲ್ಲಿ. ಜರ್ಮನ್‌ನಲ್ಲಿ ‘ವೇರ್’ ಅಂದ್ರೆ ಯಾರು! ಯಾರನ್ನ ಹುಡುಕಬೇಕು, ಎಲ್ಲಿ ಹುಡುಕಬೇಕು, ಒಂದೂ ಗೊತ್ತಾಗ್ತಿಲ್ಲ.”

“ಒಂದು ಭಾಷೆ ಬಿಟ್ಟುಬಿಡು ಮಾರಾಯಾ.”

“ಬಿಡೋ ಹಾಗಿಲ್ಲ. ಎರಡೂ ಸೇರಿ ಒಂದು ಪ್ಯಾಕೆಟ್ಟು.”

ಅವನು ಎರಡನೆಯ ಸೆಮಿಸ್ಟರಿನ ಮಧ್ಯದಲ್ಲಿದ್ದಾಗ ವೆಂಡೆಲಿನ್ ಹಾಸ್ ತೀರಿಕೊಂಡರು.

ವೆಂಡೆಲಿನ್ ಹಾಸ್ ಎಂದರೆ ಹಳೆಯ ಮರದ ಮಿಲ್ಲಿನ ಯಜಮಾನರು, ತೊಂಬತ್ತು ದಾಟಿದ ಮುದುಕರು. ನಮ್ಮ ಊರಿನಲ್ಲಿ ನಿಜವಾಗಿ ಜರ್ಮನ್ ಬರುತ್ತಿದ್ದದ್ದು ಅವರೊಬ್ಬರಿಗೇ. ಚಿಕ್ಕವರಿದ್ದಾಗ ಆ ಭಾಷೆ ಆಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದಿದ್ದರಂತೆ. ಅಲ್ಲಿಂದಾಚೆ, ಸಿಟ್ಟಿನ ಬೈಗುಳ ಬಿಟ್ಟರೆ, ಮನುಷ್ಯರ ಹತ್ತಿರ ಅದನ್ನು ಆಡಲಿಲ್ಲ, ನಾಯಿಗಳ ಹತ್ತಿರ ಮಾತ್ರ ಆಡಿದರು. ಹೆಂಡತಿ ಮಕ್ಕಳಿಗೆ ಪೋರ್ಚುಗೀಸ್, ನಾಯಿಗೆ ಜರ್ಮನ್. ಕೊನೆಯ ನಾಯಿ ಫ್ರಿಡೊ, ಕರುವಿನಷ್ಟು ಎತ್ತರ. ವಾಲ್ಮೊರನ ಎಡಗಾಲಿನ ಮೇಲೆ ಅದರ ಎರಡು ಗುರುತುಗಳಿವೆ.

ಅವರು ತೀರಿಕೊಂಡ ಬೆಳಿಗ್ಗೆ ಮಗಳು ಹನೆಲೋರಿ ನನ್ನ ಪಾರ್ಲರಿಗೆ ಬಂದರು. ಕೊಳದ ಪಕ್ಕದ ಲಾಡ್ಜಿನ ಒಡತಿ, ಜಾನಪದ ಕುಣಿತ ತಂಡದ ಅಧ್ಯಕ್ಷೆ. ಹೆತ್ತ ತಂದೆಯನ್ನು ಕಳಿಸಿಕೊಡುವಾಗಲೂ ಕೂದಲು ಕೆದರಿಕೊಂಡು ನಿಲ್ಲುವ ಜಾಯಮಾನ ಅವರದಲ್ಲ.

ನಾನು ಕೂದಲಿಗೆ ರೋಲರ್ ಸುತ್ತುತ್ತಿದ್ದೆ, ಅವರು ಕನ್ನಡಿ ನೋಡುತ್ತಾ ಅಳುತ್ತಿದ್ದರು.

“ಹೋದ ವಾರವೇ ಹೇಳಿಬಿಟ್ಟಿದ್ರು ಕಣೆ ಜುಲೈಡಿ. ‘ಜರ್ಮನ್‌ನಲ್ಲಿ ನಾಲ್ಕು ಮಾತಾಡದೆ ನನ್ನ ಮೇಲೆ ಮಣ್ಣು ಹಾಕ್ಬೇಡಿ’ ಅಂತ. ಸಂಜೆಯೊಳಗೆ ಮಣ್ಣು ಮಾಡ್ಬೇಕು. ಪಾದ್ರಿ ಎವೆರಾಲ್ಡು ಉತ್ತರದ ಕಡೆಯವರು, ಅವರಿಗೆ ಎಲ್ಲಿ ಬರ್ಬೇಕು ಜರ್ಮನ್ನು?”

“ನೀವೇ ಆಡಿ ದೋನಾ ಹನೆಲೋರಿ,” ಎಂದಳು ನಮ್ಮಮ್ಮ ಡ್ರೈಯರ್ ಕೆಳಗಿನಿಂದ, ಗೌರವದ ‘ದೋನಾ’ ಬಿಡದೆ.

“ನನಗೆ ಅರ್ಥ ಎಲ್ಲಾ ಆಗುತ್ತೆ, ಮಾತಾಡಕ್ಕೆ…”

ಸರಿಯಾಗಿ ಆಗಲೇ ಗೋಡೆಯಾಚೆಯಿಂದ ದನಿ ಎದ್ದಿತು. ಗಂಟಲಿನ ಆಳದಿಂದ, ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ, ನಿಧಾನವಾಗಿ, ಒಂದೊಂದೇ ಮಾತು. ಹನೆಲೋರಿ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಯಾರದು? ಅಪ್ಪ ನಾಯಿ ಹತ್ರ ಮಾತಾಡಿದ ಹಾಗೇ ಇದೆಯಲ್ಲ!”

ನಾನು ಬಾಯಿ ತೆರೆಯುವುದರೊಳಗೆ ಅರ್ಧ ತಲೆಗೆ ರೋಲರ್, ಅರ್ಧ ತಲೆ ಬಿಚ್ಚಿದ ಹಾಗೇ ಅವರು ಬಾಗಿಲು ದಾಟಿದ್ದರು. ಹಿಡಿದ ಬಾಚಣಿಗೆ ಸಮೇತ ನಾನೂ ಹಿಂದೆ ಓಡಿದೆ.

ವಾಲ್ಮೊರ್ ಬನಿಯನ್‌ನಲ್ಲಿ ಬಾಗಿಲಿಗೆ ಬಂದ. ವಿಷಯ ಕೇಳಿ ಮುಖ ಸುಣ್ಣವಾಯಿತು.

“ದೋನಾ ಹನೆಲೋರಿ, ನಾನಿನ್ನೂ ಎರಡನೇ ಸೆಮಿಸ್ಟರು… ಅದೂ ದೂರದಿಂದ…”

“ಇವರಿಗೆ ಮೊದಲಿಂದಲೂ ವಿನಯ ಜಾಸ್ತಿ,” ಎಂದು ಮಾರ್ಲೀಸ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. “ಎಷ್ಟು ಹೊತ್ತಿಗೆ ಬರ್ಬೇಕು ಹೇಳಿ. ಕೋಟು ಇಸ್ತ್ರಿ ಮಾಡಿಡ್ತೀನಿ.”

ಅವರು ಹೋದ ಮೇಲೆ ವಾಲ್ಮೊರ್ ಪಠ್ಯಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದ. “ಈ ಪುಸ್ತಕದಲ್ಲಿ ಯಾರೂ ಸಾಯೋದೇ ಇಲ್ಲ ಜುಲೈಡಿ! ಕಾಫಿ ಕುಡೀತಾರೆ, ರೈಲು ಹತ್ತುತಾರೆ, ಮಳೆ ಬರುತ್ತಾ ಅಂತ ಕೇಳ್ತಾರೆ. ಒಬ್ಬನಿಗಾದ್ರೂ ನೆಗಡಿ ಬೇಡ್ವಾ?”

ಕೊನೆಗೆ ನಾನೇ ಉಪಾಯ ಹೇಳಿದೆ. ಪೋರ್ಚುಗೀಸಿನಲ್ಲಿ ಒಂದು ಚೊಕ್ಕ ಶ್ರದ್ಧಾಂಜಲಿ ಬರೆದೆವು. ಅದನ್ನು ಫೋನಿನಿಂದ ಜರ್ಮನ್ ಮಾಡಿಸಿ, ಅವನು ಹಾಳೆಯ ಮೇಲೆ ಅಂದವಾಗಿ ಬರೆದುಕೊಂಡ. ಕೆಲಸ ಸುಲಭವಾಗಿ ಮುಗಿಯಿತೆಂದು ನಾವಿಬ್ಬರೂ ಒಂದೊಂದು ಲೋಟ ಕಾಫಿ ಕುಡಿದೆವು.

ಚರ್ಚಿನ ಸಭಾಂಗಣ ತುಂಬಿತ್ತು. ನಡುವೆ ಶವಪೆಟ್ಟಿಗೆ, ಅದರ ಪಕ್ಕದಲ್ಲಿ ಯಾರು ಹಿಡಿದರೂ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಿದ್ದ ಫ್ರಿಡೊ. ಹಿಂದಿನ ಮೇಜಿನ ಮೇಲೆ ಕಾಫಿ, ಸಕ್ಕರೆಪುಡಿಯ ಕೂಕಾ ಕೇಕು. ಮೊದಲ ಸಾಲಿನಲ್ಲಿ ಕೌನ್ಸಿಲರ್ ಗಿಲ್ಮಾರ್ ಸ್ಟೂಬೆ, ಊರಿನ ಯಾವ ಸಾವನ್ನೂ ತಪ್ಪಿಸದ ಮನುಷ್ಯ. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಕೈಸನ್ನೆ ಮಾಡಿದರು. ವಾಲ್ಮೊರ್ ಎದ್ದ, ಕೋಟಿನ ಜೇಬಿನಿಂದ ಹಾಳೆ ತೆಗೆದ. ಆಮೇಲೆ ಇನ್ನೊಂದು ಜೇಬಿಗೆ ಕೈ ಹಾಕಿದ, ಮತ್ತೊಂದು ಜೇಬಿಗೆ, ಪ್ಯಾಂಟಿನ ಜೇಬಿಗೆ. ಅವನ ಕಣ್ಣು ನನ್ನನ್ನು ಹುಡುಕಿತು. ನನಗೆ ತಕ್ಷಣ ತಿಳಿಯಿತು. ಕನ್ನಡಕ ಕಾಫಿ ಲೋಟದ ಪಕ್ಕದಲ್ಲಿ ಉಳಿದಿತ್ತು.

ಅವನು ಹಾಳೆಯನ್ನು ಮಡಿಸಿ ಒಳಗಿಟ್ಟ. ಕಣ್ಣು ಮುಚ್ಚಿದ. ಬಾಯಿಗೆ ಬರುತ್ತಿದ್ದದ್ದು ಒಂದೇ, ಗೋಡೆಯಾಚೆ ತಿಂಗಳಿನಿಂದ ಉರುಹೊಡೆಯುತ್ತಿದ್ದ ನಾಲ್ಕನೇ ಪಾಠ: ‘ರೈಲು ನಿಲ್ದಾಣದಲ್ಲಿ.’

ಅವನು ಏನೇನು ಹೇಳಿದನೆಂದು ಆಮೇಲೆ ಮೊದಲು ನನಗೆ ಹೇಳಿದ. ಆದ್ದರಿಂದ ಅರ್ಥ ಸಹಿತ ಬರೆಯುತ್ತಿದ್ದೇನೆ. ಅಲ್ಲಿ ಕುಳಿತಿದ್ದವರಿಗೆ ಕೇಳಿದ್ದು ದನಿ ಮಾತ್ರ.

“ನಮಸ್ಕಾರ,” ಎಂದ ಗಂಭೀರವಾಗಿ. “ದಯವಿಟ್ಟು ಹೇಳಿ. ಸ್ಟೇಷನ್ ಯಾರು?”

ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಮುದುಕಿಯರು ಕರವಸ್ತ್ರ ತೆಗೆದರು.

“ಇಲ್ಲಿಂದ ನೇರ ಹೋಗಿ. ಆಮೇಲೆ ಬಲಕ್ಕೆ ತಿರುಗಿ.”

“ದಾರಿ ತೋರಿಸು ದೇವರೇ ಅಂತ ಕೇಳ್ತಿದಾರೆ,” ಎಂದು ಗಿಲ್ಮಾರ್ ಪಕ್ಕದವರಿಗೆ ಪಿಸುಗುಟ್ಟಿದ. “ನಮ್ಮಜ್ಜಿ ಹೀಗೇ ಮಾತಾಡ್ತಿದ್ದಳು. ಶುದ್ಧ ಭಾಷೆ.”

ವಾಲ್ಮೊರ್ ಒಂದು ಹೆಜ್ಜೆ ಮುಂದೆ ಬಂದು ಶವಪೆಟ್ಟಿಗೆಯ ಮೇಲೆ ಕೈಯಿಟ್ಟ. ಬೀಳದಿರಲೆಂದು ಆಸರೆಗೆ ಇಟ್ಟದ್ದು. ಅದೇ ಹೊತ್ತಿಗೆ ಪಾಠದ ಮುಂದಿನ ವಾಕ್ಯ ಬಂತು. “ನನ್ನ ಪೆಟ್ಟಿಗೆ ತುಂಬಾ ಭಾರವಾಗಿದೆ.”

ಹನೆಲೋರಿ ಬಿಕ್ಕಿ ಬಿಕ್ಕಿ ಅತ್ತರು.

“ಈ ಜಾಗ ಖಾಲಿ ಇದೆಯೇ?” ಎಂದ ವಾಲ್ಮೊರ್.

ಜಾಗಕ್ಕೆ ಜರ್ಮನ್‌ನಲ್ಲಿ ‘ಪ್ಲಾಟ್ಸ್’ ಎನ್ನುತ್ತಾರೆ. ನಾಯಿಗೆ ‘ಮಲಗು’ ಎಂದು ಹೇಳುವುದಕ್ಕೂ ಅದೇ ಮಾತು. ವಾಲ್ಮೊರನಿಗೆ ಇದು ಗೊತ್ತಿರಲಿಲ್ಲ, ಪುಸ್ತಕದಲ್ಲಿ ನಾಯಿಯ ಪಾಠ ಇನ್ನೂ ಬಂದಿರಲಿಲ್ಲ. ಫ್ರಿಡೊಗೆ ಗೊತ್ತಿತ್ತು. ಬೆಳಗಿನಿಂದ ಯಾರ ಮಾತೂ ಕೇಳದೆ ಸುತ್ತುತ್ತಿದ್ದ ಆ ಪ್ರಾಣಿ ಇದ್ದಕ್ಕಿದ್ದಂತೆ ನಿಂತಿತು, ವಾಲ್ಮೊರನ ಮುಖ ನೋಡಿತು, ಶವಪೆಟ್ಟಿಗೆಯ ಬುಡದಲ್ಲಿ ನಾಲ್ಕೂ ಕಾಲು ಮಡಿಸಿ ಮಲಗಿ, ಮುಂಗಾಲಿನ ಮೇಲೆ ಮೂತಿ ಇಟ್ಟಿತು.

ಅಷ್ಟೇ. ಸಭಾಂಗಣ ಒಡೆದುಹೋಯಿತು. ಗಂಡಸರು ಅತ್ತರು, ಕೂಕಾ ಹಂಚುತ್ತಿದ್ದವಳು ತಟ್ಟೆ ಕೆಳಗಿಟ್ಟು ಅತ್ತಳು. ಅಕ್ಕನ ಮದುವೆಯಾದಾಗಿನಿಂದ ವಾಲ್ಮೊರನನ್ನು ‘ನೀರಿನವನು’ ಎಂದೇ ಕರೆಯುತ್ತಿದ್ದ ಮಾರ್ಲೀಸಳ ತಮ್ಮನೂ ಅತ್ತ. “ನಾಯಿಗೂ ಅರ್ಥವಾಯ್ತು ನೋಡಿ,” ಎಂಬ ಮಾತು ಸಾಲಿನಿಂದ ಸಾಲಿಗೆ ಹೋಯಿತು. ವಾಲ್ಮೊರ್ ಮುಂದಿನ ವಾಕ್ಯದ ಅಂಕಿ ನೆನಪಾಗದೆ ತಲೆಯೆತ್ತಿ ಮಾಡಿನ ಕಡೆ ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ ಹೇಳಿದ: “ರೈಲು ಹತ್ತು ನಿಮಿಷ ತಡವಾಗಿದೆ.”

ಅಲ್ಲಿಗೆ ನಾಲ್ಕನೇ ಪಾಠ ಮುಗಿಯಿತು. ಜನರ ಅಳು ಮುಗಿದಿರಲಿಲ್ಲ. ಹಾಗಾಗಿ ಅವನು ಗಾಬರಿಯಿಂದ ಇಂಗ್ಲಿಷಿನ ಏಳನೇ ಪಾಠಕ್ಕೆ ಹಾರಿದ. ಅದು ವಿಮಾನದ್ದು.

ಮಣ್ಣಾದ ಮೇಲೆ ಪಾದ್ರಿ ಎವೆರಾಲ್ಡು ಅವನ ಕೈ ಹಿಡಿದುಕೊಂಡರು. “ಸಹೋದರ, ಕೊನೆಯ ಭಾಗ ನನಗೂ ಸ್ವಲ್ಪ ತಿಳೀತು. ‘ಸೀಟ್ ಬೆಲ್ಟ್ ಬಿಗಿಯಾಗಿ ಕಟ್ಟಿಕೊಳ್ಳಿ’ ಅಂದ್ರಲ್ಲ. ಸ್ವರ್ಗಾರೋಹಣವನ್ನ ಹಾಗೆ ಹೇಳಿದ್ದಾ?”

“ಹೂಂ,” ಎಂದ ವಾಲ್ಮೊರ್.

“ಎಷ್ಟು ಆಧುನಿಕವಾಗಿದೆ!” ಎಂದರು ಪಾದ್ರಿಗಳು. ಅವರ ಕಣ್ಣು ಒದ್ದೆಯಾಗಿತ್ತು.

ಮರುದಿನದಿಂದ ವಾಲ್ಮೊರ್ ಬೇರೆಯೇ ಮನುಷ್ಯ. ಮೀಟರ್ ನೋಡಲು ಹೋದರೆ ಒಳಗೆ ಕರೆದು ಕೂರಿಸುತ್ತಿದ್ದರು. ಫ್ರಿಡೊ ಹನೆಲೋರಿಯ ಮನೆ ಬಿಟ್ಟು ಅವನ ಹಿಂದೆ ಬೀದಿ ಬೀದಿ ತಿರುಗತೊಡಗಿತು. ಕರುವಿನಷ್ಟು ಎತ್ತರದ ನಾಯಿ ಜೊತೆಗಿದ್ದುದರಿಂದ ಉಳಿದ ನಾಯಿಗಳು ಕಚ್ಚುವುದನ್ನು ನಿಲ್ಲಿಸಿದವು. ಪದವಿಯಿಂದ ಆಗಬೇಕಾಗಿದ್ದ ಪ್ರಯೋಜನ ಪದವಿ ಸಿಗುವ ಮೊದಲೇ ಆಗಿಹೋಯಿತು. ಇಲ್ಲಿಗೆ ಎಲ್ಲವೂ ನಿಂತಿದ್ದರೆ ಚೆನ್ನಾಗಿತ್ತು.

ಒಂದು ದಿನ ಹನೆಲೋರಿ ಫೋನು ಹಿಡಿದುಕೊಂಡು ಅವನ ಮನೆಗೆ ಬಂದರು.

“ಅಪ್ಪನ ಸಮಾಧಿ ಮೇಲೆ ಕಲ್ಲು ಹಾಕಿಸ್ತಿದೀನಿ. ನೀವು ಹೇಳಿದ್ರಲ್ಲ, ಆ ಮಾತು ಕೆತ್ತಿಸ್ಬೇಕು. ಅಕ್ಷರ ಸರಿಯಾಗಿ ಬರೆದುಕೊಡಿ.”

“ಯಾವ ಮಾತು?”

“ಆಕಾಶ ನೋಡ್ತಾ ಹೇಳಿದ್ರಲ್ಲ, ಅದು.”

ವಾಲ್ಮೊರ್ ಗಂಟಲು ಸರಿಮಾಡಿಕೊಂಡ. “ಅದಕ್ಕಿಂತ ಒಳ್ಳೇದು ಇದೆ ದೋನಾ. ‘ಶುಭರಾತ್ರಿ’ ಅಂತ. ಜರ್ಮನ್‌ನಲ್ಲಿ ಎರಡೇ ಪದ. ಕಲ್ಲು ಕೆತ್ತೋನಿಗೂ ಸುಲಭ.”

“ಅದು ಬೇಡ. ಚಿಕ್ಕದಾಯ್ತು. ನನಗೆ ಅದೇ ಬೇಕು.” ಅವರು ಫೋನು ಒತ್ತಿದರು. ಅವತ್ತು ಸಭಾಂಗಣದಲ್ಲಿ ಯಾರೋ ರೆಕಾರ್ಡ್ ಮಾಡಿಕೊಂಡದ್ದು. ಅಳುವಿನ ನಡುವೆ ವಾಲ್ಮೊರನ ದನಿ ಸ್ಪಷ್ಟವಾಗಿ ಕೇಳಿಸಿತು. ಮೋಸ ಮಾಡಲು ದಾರಿಯೇ ಇರಲಿಲ್ಲ. ಮಾರ್ಲೀಸ್ ಪೆನ್ನು ತಂದು ಕೈಗಿಟ್ಟಳು.

ಆ ಧ್ವನಿಯನ್ನು ಫೋನಿಗೇ ಕೊಟ್ಟು ಅರ್ಥ ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ನಮ್ಮ ಊರಿನಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಅರ್ಥ ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗಾಯಿತಲ್ಲ.

ವಾಲ್ಮೊರನಿಗೆ ಊಟ ಸೇರದಾಯಿತು. ಹೆಂಡತಿಗೆ ನಿಜ ಹೇಳಿದ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿ ಅವನನ್ನು ದಿಟ್ಟಿಸಿದಳು. “ರೈಲಾ?”

“ರೈಲು. ಹತ್ತು ನಿಮಿಷ ತಡ.”

“ಬಾಯಿ ಮುಚ್ಕೊಂಡಿರಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊನ್ನೆ ನನ್ನ ತಮ್ಮ ನಿಮ್ಮನ್ನ ಭಾವ ಅಂತ ಕರೆದ.”

ಆದರೂ ಅವನಿಗೆ ತಡೆಯಲಾಗಲಿಲ್ಲ. ಲಾಡ್ಜಿಗೆ ಹೋಗಿ ಹನೆಲೋರಿಯ ಎದುರು ಟೋಪಿ ಹಿಡಿದು ನಿಂತು ಎಲ್ಲವನ್ನೂ ಹೇಳಿಬಿಟ್ಟ. ಕನ್ನಡಕ, ನಾಲ್ಕನೇ ಪಾಠ, ಸ್ಟೇಷನ್, ಪೆಟ್ಟಿಗೆ, ರೈಲು, ಒಂದೂ ಬಿಡಲಿಲ್ಲ. ಹನೆಲೋರಿ ತಾಳ್ಮೆಯಿಂದ ಕೇಳಿದರು. ಆಮೇಲೆ ಅವನ ಭುಜ ತಟ್ಟಿದರು.

“ನೀವು ಎರಡನೇ ಸೆಮಿಸ್ಟರು ತಾನೆ?”

“ಹೌದು.”

“ಅದಕ್ಕೇ ನಿಮಗೆ ಮೇಲಿನ ಅರ್ಥ ಮಾತ್ರ ಗೊತ್ತು. ನಾವು ಹುಟ್ಟಿನಿಂದ ಆ ಭಾಷೆಯವರು. ಅದರ ಆಳ ನಮಗೆ ಗೊತ್ತು. ಹೋಗಿ, ನೆಮ್ಮದಿಯಾಗಿ ಊಟ ಮಾಡಿ.”

ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಲು ಸಾಧ್ಯವಿದ್ದವನು ಊರಿನಲ್ಲಿ ಒಬ್ಬನೇ ಇದ್ದ. ಅವನು ಕೌನ್ಸಿಲರ್ ಗಿಲ್ಮಾರ್. ಸತ್ತವರ ದಿನದಂದು ಊರೆಲ್ಲ ಹೂವು ಹಿಡಿದು ಸ್ಮಶಾನಕ್ಕೆ ಬರುತ್ತದೆ. ಅವತ್ತೇ ಕಲ್ಲಿನ ಅನಾವರಣ ಆಗಲಿ ಎಂದ. ವಾಲ್ಮೊರನಿಗೆ ಪಾಠ ಹೇಳುವ ಪ್ರೊಫೆಸರನ್ನೇ ಮುಖ್ಯ ಅತಿಥಿಯಾಗಿ ಕರೆಸುತ್ತೇನೆ ಎಂದ. ಕರೆಸಿಯೂ ಬಿಟ್ಟ.

ಆ ದಿನ ಸ್ಮಶಾನದ ಗೇಟಿನ ಎದುರು ಕಾರು ಬಂದು ನಿಂತಾಗ, ಗಿಲ್ಮಾರ್ ಹೂಗುಚ್ಛ ಹಿಡಿದು ಓಡಿದ. ಮುಂದಿನ ಬಾಗಿಲಿನಿಂದ ಹೊಂಬಣ್ಣದ ಕೂದಲಿನ ಎತ್ತರದ ವ್ಯಕ್ತಿ ಇಳಿದ. ಗಿಲ್ಮಾರ್ ಅವನನ್ನು ಅಪ್ಪಿಕೊಂಡು, ಹಬ್ಬದ ಹಾಡಿನಿಂದ ಕಲಿತಿದ್ದ ಜರ್ಮನ್ ಅಷ್ಟನ್ನೂ ಅವನ ಕಿವಿಯಲ್ಲಿ ಸುರಿದ.

“ನಾನು ಡ್ರೈವರ್ರು ಸಾರ್,” ಎಂದ ಆ ಮನುಷ್ಯ, ಹೂವು ಹಿಡಿದುಕೊಂಡು. “ಮೇಡಮ್ ಹಿಂದೆ ಇದಾರೆ.”

ಹಿಂದಿನ ಬಾಗಿಲಿನಿಂದ ಇಳಿದದ್ದು ಪ್ರೊಫೆಸರ್ ದಾಮಿಯಾನಾ ಸಾಂಪಾಯು. ಉತ್ತರದ ಬಾಹಿಯಾ ರಾಜ್ಯದ ಕಪ್ಪು ಹೆಂಗಸು, ಹಳದಿ ಕೆಂಪಿನ ಉಡುಪು, ಹೆಗಲ ಮೇಲೆ ಸಣ್ಣ ಜಡೆಗಳು. ಜರ್ಮನಿಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿ ಬಂದವರು. ಅವರು ಗಿಲ್ಮಾರನ ಮುಖ ನೋಡಿ ಮುಗುಳ್ನಕ್ಕರು. ಈ ಮುಗುಳ್ನಗೆಯನ್ನು ಅವರು ಬಹಳ ಊರುಗಳಲ್ಲಿ ಬಳಸಿರಬೇಕು ಅನ್ನಿಸಿತು ನನಗೆ.

“ನಮ್ಮ ವಿದ್ಯಾರ್ಥಿ ಎಲ್ಲಿ?” ಎಂದು ಕೇಳಿದರು.

ವಿದ್ಯಾರ್ಥಿ ಒಂದು ದೇವದೂತನ ಪ್ರತಿಮೆಯ ಹಿಂದೆ ನಿಂತಿದ್ದ. ಫ್ರಿಡೊ ಬಾಲ ಅಲ್ಲಾಡಿಸುತ್ತಾ ಪಕ್ಕದಲ್ಲೇ ಇದ್ದುದರಿಂದ ಅಡಗಿ ಉಪಯೋಗವಾಗಲಿಲ್ಲ.

ಹನೆಲೋರಿ ಬಟ್ಟೆ ಎಳೆದರು. ಕರಿಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರಗಳು ಬಿಸಿಲಿಗೆ ಹೊಳೆದವು. ಜನ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಹತ್ತಿರ ಹೋಗಿ ಓದಿದರು. ಮತ್ತೊಮ್ಮೆ ಓದಿದರು. ಕಪ್ಪು ಕನ್ನಡಕ ತೆಗೆದು ಮೂರನೆಯ ಸಲ ಓದಿದರು.

“ಹೇಗಿದೆ ಪ್ರೊಫೆಸರ್?” ಎಂದರು ಹನೆಲೋರಿ.

“ಒಂದು ಅಕ್ಷರವೂ ತಪ್ಪಿಲ್ಲ,” ಎಂದರು ಅವರು, ಬಹಳ ಎಚ್ಚರಿಕೆಯಿಂದ. “ವ್ಯಾಕರಣ ಪಕ್ಕಾ ಇದೆ.”

ಹನೆಲೋರಿ ವಾಲ್ಮೊರನ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎನ್ನುವಂತೆ ತಲೆಯಾಡಿಸಿದರು. ಗಿಲ್ಮಾರ್ ಮತ್ತೆ ಚಪ್ಪಾಳೆ ಶುರುಮಾಡಿದ. ಅಲ್ಲಿಗೆ ವಾಲ್ಮೊರ್ ಬದುಕಿಕೊಂಡಿದ್ದ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಕೂಕಾ ತಿಂದು ಮನೆಗೆ ಹೋಗಬಹುದಿತ್ತು. ಮಾರ್ಲೀಸ್ ಅವನ ತೋಳು ಗಟ್ಟಿಯಾಗಿ ಹಿಡಿದೂ ಇದ್ದಳು.

ಅವನು ತೋಳು ಬಿಡಿಸಿಕೊಂಡು ಮುಂದೆ ಬಂದ.

“ಪ್ರೊಫೆಸರ್, ಅದರ ಅರ್ಥ ಹೇಳಿ.”

“ಇಲ್ಲಿಯೇ?”

“ಇಲ್ಲಿಯೇ. ನಾನು ಹೇಳಿದ್ರೆ ಇವರು ನಂಬಲ್ಲ. ಆ ಮನುಷ್ಯನ ತಲೆ ಮೇಲೆ ನನ್ನ ದಡ್ಡತನ ಕಲ್ಲಾಗಿ ಕೂತಿದೆ. ನನಗೆ ನಿದ್ದೆ ಬರ್ತಿಲ್ಲ.”

ಪ್ರೊಫೆಸರ್ ಅವನನ್ನೂ ಹನೆಲೋರಿಯನ್ನೂ ನೋಡಿದರು. “ರೈಲು ಹತ್ತು ನಿಮಿಷ ತಡವಾಗಿದೆ, ಅಂತ ಬರೆದಿದೆ ದೋನಾ. ಕ್ಷಮಿಸಿ. ಅಷ್ಟೇ ಇರೋದು.”

ಚಪ್ಪಾಳೆಗೆ ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಆಮೇಲೆ ಗಿಲ್ಮಾರನ ದನಿ ಕೇಳಿಸಿತು. “ನನಗೆ ಅವತ್ತೇ ಗೊತ್ತಾಗಿತ್ತು. ಬೇಜಾರು ಮಾಡ್ಕೋತಾರೆ ಅಂತ ಹೇಳಲಿಲ್ಲ.” ತಕ್ಷಣ ಅಲ್ಲೊಬ್ಬರು ಇಲ್ಲೊಬ್ಬರು, “ನಮಗೂ ಗೊತ್ತಾಗಿತ್ತು, ನಮಗೂ,” ಎಂದರು. ಅರ್ಧ ನಿಮಿಷದಲ್ಲಿ ಇಡೀ ಊರಿಗೆ ಮೊದಲೇ ಗೊತ್ತಿದ್ದ ಹಾಗಾಯಿತು. ಗೊತ್ತಿತ್ತು ಎನ್ನದೆ ಉಳಿದವರು ಹನೆಲೋರಿ ಒಬ್ಬರೇ.

ಅವರು ಕಲ್ಲನ್ನೇ ನೋಡುತ್ತಿದ್ದರು.

“ಹತ್ತು ನಿಮಿಷಾನಾ?” ಎಂದರು ಕೊನೆಗೆ.

“ಹತ್ತು ನಿಮಿಷ,” ಎಂದರು ಪ್ರೊಫೆಸರ್.

“ಅಪ್ಪ ಬೆಳಗಿನ ಬಸ್ಸಿಗೆ ಕತ್ತಲಿರುವಾಗಲೇ ಹೋಗಿ ನಿಲ್ತಿದ್ರು. ನಮ್ಮನ್ನೂ ನಿಲ್ಲಿಸ್ತಿದ್ರು. ಬಸ್ಸು ಒಂದು ನಿಮಿಷ ತಡವಾದ್ರೆ ಡ್ರೈವರಿಗೆ ನಾಯಿ ಭಾಷೇಲಿ ಬೈತಿದ್ರು.” ಅವರ ತುಟಿ ನಡುಗಿತು. ಅಳುತ್ತಾರೆ ಅಂದುಕೊಂಡೆ. ನಕ್ಕುಬಿಟ್ಟರು. ತಂದೆ ಸತ್ತ ಮೇಲೆ ಆ ಹೆಂಗಸು ನಕ್ಕದ್ದು ಅದೇ ಮೊದಲು. ಕೂದಲಿನ ಕಟ್ಟು ಬಿಚ್ಚಿಹೋಗುವಷ್ಟು ನಕ್ಕರು. “ಹತ್ತು ನಿಮಿಷ! ಅಲ್ಲಿ ಯಾರಿಗೆ ಬೈತಾ ನಿಂತಿದಾರೋ ಪಾಪ! ಇರಲಿ ಬಿಡಿ, ಕಲ್ಲು ಹಾಗೇ ಇರಲಿ.”

ಪ್ರೊಫೆಸರ್ ಹೊರಡುವ ಮುಂಚೆ ವಾಲ್ಮೊರನ ಬಾಯಿಪರೀಕ್ಷೆಯನ್ನೂ ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ಮುಗಿಸಿದರು. ಉಚ್ಚಾರಣೆ ಚೆನ್ನಾಗಿದೆ ಎಂದರು. ಉಳಿದದ್ದರಲ್ಲಿ ಫೇಲು ಮಾಡಿದರು. ಸ್ಟೇಷನ್ ಯಾರು ಎಂದು ಅವರನ್ನೂ ಕೇಳಿದ್ದನಂತೆ.

ಫೇಲಾದದ್ದು ಕೇಳಿ ಊರು ಕೆರಳಿತು. “ಬಾಹಿಯಾದೋರಿಗೆ ನಮ್ಮ ಜರ್ಮನ್ ಏನು ಗೊತ್ತು?” ಎಂದು ಗಿಲ್ಮಾರ್ ಬೇಕರಿಯಲ್ಲಿ ಭಾಷಣ ಮಾಡಿದ. ಹನೆಲೋರಿ ಅವನನ್ನು ಅಲ್ಲೇ ಗದರಿಸಿ ಕೂರಿಸಿದರು. ವಾಲ್ಮೊರ್ ಮಾತ್ರ ಓದು ಬಿಟ್ಟುಬಿಡುವುದೆಂದು ತೀರ್ಮಾನಿಸಿದ. ಹೇಗೂ ನಾಯಿಗಳು ಕಚ್ಚುವುದು ನಿಂತಿದೆ, ಇನ್ನು ಕುರ್ಚಿ ಯಾಕೆ ಎಂದ.

ನಿಜ ಹೊರಬಿದ್ದ ಮೇಲೆ ಇನ್ನು ಯಾರೂ ಅವನನ್ನು ಸಾವಿನ ಮನೆಗೆ ಕರೆಯುವುದಿಲ್ಲವೆಂದು ನಾವು ತಿಳಿದಿದ್ದೆವು. ಆದದ್ದು ಉಲ್ಟಾ. ಚಪ್ಪಲಿ ಅಂಗಡಿಯ ಮುದುಕ ತೀರಿಕೊಂಡಾಗ ಅವನ ಹೆಂಡತಿಯೇ ಹೇಳಿಕಳಿಸಿದಳು. “ರೈಲಿನದ್ದು ಬೇಡ. ಬೂಟು ಕೊಳ್ಳೋ ಪಾಠ ಇದ್ಯಂತಲ್ಲ, ಅದು ಹೇಳ್ಲಿ. ಅವರಿಗೆ ಖುಷಿಯಾಗುತ್ತೆ.” ವಾಲ್ಮೊರ್ ಕನ್ನಡಕ ಹಾಕಿಕೊಂಡೇ ಹೋಗಿ, ಇದಕ್ಕಿಂತ ಒಂದು ಅಳತೆ ದೊಡ್ಡದು ಸಿಗುವುದೇ ಎಂದು ಶವದ ಎದುರು ಗಂಭೀರವಾಗಿ ಕೇಳಿ ಬಂದ. ಈ ಸಲ ಜನ ಅರ್ಥ ತಿಳಿದೇ ಅತ್ತರು.

ಅದಾದ ವಾರ, ಮಾರ್ಲೀಸಳ ಕೂದಲಿನ ಬಣ್ಣ ಒಣಗುವವರೆಗೆ ಕಾಯುತ್ತಾ ವಾಲ್ಮೊರ್ ನನ್ನ ಪಾರ್ಲರಿನಲ್ಲಿ ಕೂತಿದ್ದ. ನಮ್ಮಮ್ಮ ಡ್ರೈಯರ್ ಮೇಲೆತ್ತಿ ಅವನನ್ನು ಕರೆದಳು. ಎಂಬತ್ತಾರು ವಯಸ್ಸು, ಕಿವಿ ಚುರುಕು.

“ವಾಲ್ಮೊರ್, ನನಗೆ ಯಾವ ಪಾಠ ಇಟ್ಟಿದೀಯೋ?”

“ಅಯ್ಯೋ, ಬಿಡ್ತು ಅನ್ನಿ ದೋನಾ. ನಾನು ಓದೋದೇ ಬಿಟ್ಟೆ.”

“ಬಿಟ್ಟರೆ ಬಿಡು. ಇರೋದ್ರಲ್ಲಿ ಹೇಳು. ಏನೇನಿದೆ?”

“ಡಾಕ್ಟರದ್ದಿದೆ. ಮಳೆಯದ್ದಿದೆ. ಹೋಟೆಲಿನದ್ದಿದೆ.”

“ಹೋಟೆಲಲ್ಲಿ ಏನಂತಾರೆ?”

“‘ನಮಸ್ಕಾರ. ಇಬ್ಬರಿಗೆ ಒಂದು ಟೇಬಲ್ ಬೇಕು. ಕಿಟಕಿ ಪಕ್ಕ.’ ಹಾಗೆ ಶುರುವಾಗುತ್ತೆ.”

ನಮ್ಮಪ್ಪ ಒಳ್ಳೆಯವನೇ. ಆದರೆ ಬದುಕಿರುವವರೆಗೆ ಅಮ್ಮನನ್ನು ಒಂದು ಸಲವೂ ಹೋಟೆಲಿಗೆ ಕರೆದುಕೊಂಡು ಹೋಗಲಿಲ್ಲ. ಕೇಳಿದರೆ, “ಯಾಕೆ, ಮನೇಲಿ ಬೀನ್ಸ್ ಖಾಲಿಯಾಯ್ತಾ?” ಎನ್ನುತ್ತಿದ್ದ.

“ಅದೇ ಇರಲಿ,” ಎಂದಳು ಅಮ್ಮ. “ಇಬ್ಬರಿಗೆ ಅನ್ನೋದನ್ನ ಸ್ವಲ್ಪ ಗಟ್ಟಿಯಾಗಿ ಹೇಳು, ಅವರಿಗೂ ಕೇಳಿಸಲಿ. ಕಿಟಕಿ ಮಾತ್ರ ಬೇಡ, ನನಗೆ ಬಿಸಿಲಾಗಲ್ಲ. ಫ್ಯಾನ್ ಕೆಳಗೆ ಅಂತ ಕೇಳು.”

ವಾಲ್ಮೊರ್ ತಲೆ ಕೆರೆದುಕೊಂಡ. “ಫ್ಯಾನಿಗೆ ಏನಂತಾರೋ ನನಗೆ ಗೊತ್ತಿಲ್ಲ ದೋನಾ. ಅದು ಚಳಿ ದೇಶ ನೋಡಿ. ಮುಂದಿನ ಸೆಮಿಸ್ಟರಲ್ಲಿ ಬರುತ್ತೋ ಏನೋ.”

“ಹಾಗಾದ್ರೆ ಹೋಗಿ ಓದು,” ಎಂದಳು ಅಮ್ಮ, ಡ್ರೈಯರನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳುತ್ತಾ. “ಬರೋವರೆಗೆ ನಾನು ಸಾಯಲ್ಲ.”